ಬಣ್ಣದ ಕೆಳಗೆ ಕುಲುಮೆ ಬಿಟ್ಟುಹೋದದ್ದು

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡಬೇಕಾದ ವಿಷಯ ತುಕ್ಕು. ಬರಿ ಉಕ್ಕಿನ ತುಕ್ಕಲ್ಲ. ಬಣ್ಣ ಬಳಿದು, ಸತು ಹಾಕಿ, ಬಣ್ಣ ಹಿಡಿಯಲೆಂದು ಅಡಿಗೆ ಫಾಸ್ಫೇಟ್ ಹರಳಿನ ಲೇಪ ಕೊಟ್ಟು, ಎಲ್ಲಾ ಮುಗಿಸಿದ ಮೇಲೂ ಅಡಿಯಿಂದ ಎದ್ದು ಬರುತ್ತದಲ್ಲ, ಆ ತುಕ್ಕು.

ಒಂದೇ ಗ್ರೇಡಿನ ಉಕ್ಕಿನ ಎರಡು ತಗಡು ತೆಗೆದುಕೊಳ್ಳಿ. ಎರಡಕ್ಕೂ ಒಂದೇ ತೊಟ್ಟಿಯಲ್ಲಿ ಫಾಸ್ಫೇಟ್ ಆಗಿದೆ. ಒಂದೇ ಡಬ್ಬದ ಬಣ್ಣ, ಒಂದೇ ಓವನ್. ಲೋಹ ಕಾಣುವಷ್ಟು ಆಳಕ್ಕೆ ಎರಡರ ಮೇಲೂ ಒಂದೊಂದು ಗೀರು ಎಳೆದು ಸಾಲ್ಟ್ ಸ್ಪ್ರೇ ಪೆಟ್ಟಿಗೆಯೊಳಗೆ ಇಡುತ್ತಾರೆ. ಅಲ್ಲಿ 35 ಡಿಗ್ರಿ ಶಾಖ. (ನಾನು ಹೇಳುವ ಡಿಗ್ರಿ ಎಲ್ಲಾ ಸೆಲ್ಸಿಯಸ್.) ನೂರಕ್ಕೆ 5 ಭಾಗ ಉಪ್ಪಿರುವ ನೀರು ಮಂಜಾಗಿ ಬೀಳುತ್ತಲೇ ಇರುತ್ತದೆ. ಕೆಲವು ದಿನ ಬಿಟ್ಟು ತೆಗೆದು ನೋಡಿದರೆ ಒಂದು ತಗಡಿನಲ್ಲಿ ಗೀರಿನ ಒಳಗೆ ಮಾತ್ರ ಕೆಂಪು. ಇನ್ನೊಂದರಲ್ಲಿ ಗೀರಿನ ಎರಡೂ ಬದಿ ಬಣ್ಣ ಎದ್ದಿದೆ. ಉಗುರು ತಾಗಿಸಿದರೆ ಸಾಕು, ಸಿಪ್ಪೆಯ ಹಾಗೆ ಬರುತ್ತದೆ.

ಇಂಥ ಹೊತ್ತಲ್ಲಿ ಬೈಗುಳ ಬೀಳುವುದು ಬಣ್ಣಕ್ಕೆ. ಇಲ್ಲವೇ ಬಣ್ಣ ಹೊಡೆದವನಿಗೆ. ಆ ತಗಡು ಯಾವ ಫರ್ನೇಸಿನಿಂದ ಬಂತು, ಅಲ್ಲಿ ಎಂಥ ಗ್ಯಾಸ್ ಇತ್ತು, ಎಷ್ಟು ಹೊತ್ತು ಕಾಯಿತು ಎಂದು ಕೇಳುವವರು ಕಡಿಮೆ. ಲೇಪ ಕೂರುವುದು ಉಕ್ಕಿನ ಮೇಲಲ್ಲ, ಹೀಟ್ ಟ್ರೀಟ್‌ಮೆಂಟ್ (ಉಕ್ಕನ್ನು ಕಾಯಿಸಿ ತಣಿಸಿ ಗುಣ ಬದಲಿಸುವ ಕೆಲಸ) ಆ ಉಕ್ಕಿನ ಮೈಮೇಲೆ ಏನು ಬಿಟ್ಟುಹೋಗಿದೆಯೋ ಅದರ ಮೇಲೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಗಟ್ಟಿ ಮಾಡಿದ ಉಕ್ಕು ಬೇಗ ತುಕ್ಕು ಹಿಡಿಯುತ್ತೆ, ಮೆದು ಉಕ್ಕು ನಿಧಾನ ಅಂತ ಕೆಲವರು ನಂಬುತ್ತಾರೆ. ಕೆಲವರು ತಿರುಗಾಮುರುಗಾ ಹೇಳುತ್ತಾರೆ. ಸಾಧಾರಣ ಇಂಗಾಲದ ಉಕ್ಕನ್ನು ಬರಿ ನೀರಲ್ಲಿ ಇಟ್ಟರೆ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ. ಅಲ್ಲಿ ತುಕ್ಕಿನ ವೇಗ ನಿಂತಿರುವುದು ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು ಬೇಗ ಉಕ್ಕಿನ ಮೈ ತಲುಪುತ್ತದೆ ಎನ್ನುವುದರ ಮೇಲೆ. ಒಳಗಿನ ರಚನೆ ಹೇಗೇ ಇರಲಿ, ಆಮ್ಲಜನಕ ಬರುವಷ್ಟೇ ಬರುತ್ತದೆ.

ಆಸಿಡ್ಡಿನಲ್ಲಿ ಕಥೆ ಬೇರೆ. ಅಲ್ಲಿ ಆಮ್ಲಜನಕಕ್ಕೆ ಕಾಯುವ ಗೋಜಿಲ್ಲ, ಉಕ್ಕು ನೇರವಾಗಿ ಕರಗಿ ಹೈಡ್ರೋಜನ್ ಹೊರಡುತ್ತದೆ. ಉಕ್ಕಿನೊಳಗೆ ಸಿಮೆಂಟೈಟ್ ಅಂತ ಕಬ್ಬಿಣ ಮತ್ತು ಇಂಗಾಲ ಸೇರಿದ ಗಟ್ಟಿ ಕಣಗಳಿರುತ್ತವೆ. ಹೈಡ್ರೋಜನ್ ಹೊರಡುವುದು ಅವುಗಳ ಮೇಲೆ ಸಲೀಸು, ಕರಗುವುದು ಅವುಗಳ ಪಕ್ಕದ ಮೆದು ಕಬ್ಬಿಣ. ಕಣಗಳು ಸಣ್ಣದಾಗಿ ಎಲ್ಲೆಡೆ ಹರಡಿದಷ್ಟೂ ಕರಗುವ ಜಾಗ ಜಾಸ್ತಿ. ಕ್ವೆಂಚ್ ಮಾಡಿದ (ಕೆಂಪಗೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ) ಇಂಗಾಲದ ಉಕ್ಕನ್ನು ಸುಮಾರು 400 ಡಿಗ್ರಿಗೆ ಟೆಂಪರ್ ಮಾಡಿದಾಗ, ಅಂದರೆ ಪೆಡಸು ಕಡಿಮೆಯಾಗಲೆಂದು ಮತ್ತೆ ಹದವಾಗಿ ಕಾಯಿಸಿದಾಗ, ಆ ಕಣಗಳು ತೀರಾ ನವಿರಾಗಿ ಹರಡಿರುತ್ತವೆ. ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ಅದು ಕರಗುವ ವೇಗ ಎಲ್ಲಕ್ಕಿಂತ ಹೆಚ್ಚು. ಇನ್ನೂ ಬಿಸಿ ಮಾಡಿ 600 ದಾಟಿಸಿದರೆ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ, ಕರಗುವ ವೇಗ ಇಳಿಯುತ್ತದೆ.

ನಮ್ಮ ತಗಡು ಕೊನೆಗೆ ಹೋಗುವುದು ಮಳೆಗೆ, ಗಾಳಿಗೆ. ಆಸಿಡ್ಡಿನ ಮಾತು ಇಲ್ಲಿ ಯಾಕೆ ಎಂದು ನೀವು ಕೇಳಬಹುದು. ಲೇಪ ಹುಟ್ಟುವುದೇ ಆಸಿಡ್ಡಿನಲ್ಲಿ, ಅದಕ್ಕೆ. ಮೈಮೇಲಿನ ಆಕ್ಸೈಡ್ ಕರಗಿಸಿ ತೆಗೆಯುವ ಪಿಕ್ಲಿಂಗ್ ತೊಟ್ಟಿ ಆಸಿಡ್. ಫಾಸ್ಫೇಟ್ ತೊಟ್ಟಿಯ ಪಿಎಚ್ ಸುಮಾರು 3. ವಿದ್ಯುತ್ತಿನಿಂದ ಸತು ಕೂರಿಸುವ ಹಲವು ಪ್ಲೇಟಿಂಗ್ ತೊಟ್ಟಿಗಳೂ ಆಸಿಡ್ ಜಾತಿಯವೇ. ಬರಿ ನೀರಿನಲ್ಲಿ ಕಾಣದ ವ್ಯತ್ಯಾಸ ಈ ತೊಟ್ಟಿಗಳಲ್ಲಿ ಕಾಣುತ್ತದೆ. ಇಂಗಾಲ ಜಾಸ್ತಿ ಇರುವ ಗಟ್ಟಿ ಉಕ್ಕನ್ನು ಪಿಕ್ಲಿಂಗ್‌ನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟು ಹೊರತೆಗೆದು, ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಕಪ್ಪಾಗುತ್ತದೆ. ಕಬ್ಬಿಣ ಕರಗಿ ಹೋಗಿ, ಕರಗದೆ ಉಳಿದ ಕಪ್ಪು ಮಸಿ ಅದು. ಅದರ ಮೇಲೆ ಏನು ಹಾಕಿದರೂ ಹಿಡಿದುಕೊಳ್ಳುವುದು ಮಸಿಯನ್ನೇ ಹೊರತು ಉಕ್ಕನ್ನಲ್ಲ.

ಇನ್ನು ಸ್ಕೇಲ್. ಉಕ್ಕನ್ನು ಬಯಲು ಗಾಳಿಯಲ್ಲಿ 570 ಡಿಗ್ರಿ ದಾಟಿಸಿ ಕಾಯಿಸಿದರೆ ಅದರ ಮೇಲೆ ಮೂರು ಪದರದ ಆಕ್ಸೈಡ್ ಬೆಳೆಯುತ್ತದೆ. ಉಕ್ಕಿಗೆ ಅಂಟಿಕೊಂಡು ದಪ್ಪಗಿರುವುದು ವುಸ್ಟೈಟ್, ಅದರ ಮೇಲೆ ಮ್ಯಾಗ್ನೆಟೈಟ್, ತುದಿಯಲ್ಲಿ ತೆಳ್ಳಗೆ ಹೆಮಟೈಟ್. ನೋಡಲು ನೀಲಿಗಪ್ಪಾಗಿ, ನಯವಾಗಿ, ಗಟ್ಟಿಮುಟ್ಟಾಗಿ ಕಾಣುತ್ತದೆ. ಇದೇ ಒಂದು ರಕ್ಷಣೆ ಅಲ್ವಾ, ಇದರ ಮೇಲೆಯೇ ಬಣ್ಣ ಹೊಡೆಯೋಣ ಅನ್ನಿಸುತ್ತದೆ.

ಅದೇ ಮೋಸ. ತಣಿಯುವಾಗ ಉಕ್ಕು ಕುಗ್ಗುವಷ್ಟು ಸ್ಕೇಲ್ ಕುಗ್ಗುವುದಿಲ್ಲ, ಹಾಗಾಗಿ ಅದು ಬಿರುಕು ಬಿಡುತ್ತದೆ. ಸಾಲದ್ದಕ್ಕೆ ಅದು ವಿದ್ಯುತ್ ಹರಿಸುತ್ತದೆ, ಮತ್ತು ಒದ್ದೆಯಾದಾಗ ಉಕ್ಕಿಗೆ ಎದುರಾಗಿ ಕ್ಯಾಥೋಡ್ ಆಗಿ (ತಾನು ಸವೆಯದೆ ಪಕ್ಕದ ಉಕ್ಕನ್ನು ಸವೆಸುವ ಬದಿಯಾಗಿ) ನಿಲ್ಲುತ್ತದೆ. ಅಂದರೆ ಇಡೀ ಸ್ಕೇಲಿನ ದೊಡ್ಡ ಮೈ ಒಂದು ಕಡೆ, ಬಿರುಕಿನ ತಳದಲ್ಲಿ ಕಾಣುವ ಚೂರೇ ಚೂರು ಉಕ್ಕು ಇನ್ನೊಂದು ಕಡೆ. ಸವೆತವೆಲ್ಲ ಆ ಚೂರಿನ ಮೇಲೆ ಬೀಳುತ್ತದೆ. ಅಲ್ಲಿ ಗುಳಿ ಬೀಳುತ್ತದೆ, ತುಕ್ಕು ಉಬ್ಬುತ್ತದೆ, ಸ್ಕೇಲ್ ಬಣ್ಣದ ಸಮೇತ ಚಕ್ಕೆಯಾಗಿ ಏಳುತ್ತದೆ. ಬಿದ್ದ ಚಕ್ಕೆಯನ್ನು ತಿರುಗಿಸಿ ನೋಡಿ. ಬಣ್ಣದ ಹಿಂಬದಿಗೆ ಕಪ್ಪು ಸ್ಕೇಲ್ ಗಟ್ಟಿಯಾಗಿ ಅಂಟಿಕೊಂಡೇ ಇರುತ್ತದೆ. ಬಣ್ಣ ತನ್ನ ಕೆಲಸ ಮಾಡಿದೆ. ಕೈಕೊಟ್ಟದ್ದು ಸ್ಕೇಲ್.

ಸ್ಕೇಲ್ ಪೂರ್ತಿ ಹೋಗಿದೆಯೋ ಇಲ್ಲವೋ ನೋಡಲು ಒಂದು ಹಳೆಯ ಉಪಾಯ ಇದೆ. ತಾಮ್ರದ ಸಲ್ಫೇಟನ್ನು ನೀರಲ್ಲಿ ಕರಗಿಸಿ ಬ್ಲಾಸ್ಟ್ ಮಾಡಿದ (ಗರಸು ಕಾಳುಗಳನ್ನು ರಭಸದಿಂದ ಎರಚಿ ಶುದ್ಧ ಮಾಡಿದ) ಮೈಮೇಲೆ ಒಂದು ಚೂರು ಜಾಗದಲ್ಲಿ ಸವರಿ. ಉಕ್ಕು ಬಯಲಾಗಿರುವ ಕಡೆ ಕ್ಷಣದಲ್ಲಿ ತಾಮ್ರದ ಕೆಂಪು ಬಣ್ಣ ಹತ್ತುತ್ತದೆ. ಸ್ಕೇಲ್ ಉಳಿದ ಕಡೆ ಹತ್ತುವುದಿಲ್ಲ, ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಪರೀಕ್ಷೆ ಆದಮೇಲೆ ಆ ಜಾಗವನ್ನು ಮತ್ತೆ ಬ್ಲಾಸ್ಟ್ ಮಾಡಿ ತಾಮ್ರವನ್ನು ಪೂರ್ತಿ ತೆಗೆಯಬೇಕು, ಮರೆಯಬೇಡಿ. ಉಳಿದ ತಾಮ್ರವೂ ಕ್ಯಾಥೋಡೇ. ಒಳ್ಳೆಯ ಪೇಂಟಿಂಗ್ ಕೆಲಸಕ್ಕೆ ಎಸ್‌ಎ 2½ ಮಟ್ಟದ, ಅಂದರೆ ಸ್ಕೇಲ್ ಹೆಚ್ಚುಕಡಿಮೆ ಪೂರ್ತಿ ಹೋಗುವಂಥ, ಬ್ಲಾಸ್ಟಿಂಗ್ ಕೇಳುವುದು ಸುಮ್ನೆ ಅಲ್ಲ.

ಟೆಂಪರ್ ಮಾಡಿದಾಗ ಮೈಮೇಲೆ ಹೊಂಬಣ್ಣ, ಕಂದು, ನೇರಳೆ, ನೀಲಿ ಮೂಡುತ್ತವಲ್ಲ, ಅವೂ ಆಕ್ಸೈಡೇ. ತೀರಾ ತೆಳು. ಬಣ್ಣದ ಕೆಲಸಕ್ಕೆ ಇದರಿಂದ ಸ್ಕೇಲಿನಷ್ಟು ಅಪಾಯವಿಲ್ಲ. ಆದರೆ ಫಾಸ್ಫೇಟ್ ಮತ್ತು ಪ್ಲೇಟಿಂಗ್‌ಗೆ ಆಸಿಡ್ ಎಲ್ಲೆಡೆ ಒಂದೇ ಸಮ ಕಚ್ಚಬೇಕು. ಒಂದು ಕಡೆ ನೀಲಿ, ಒಂದು ಕಡೆ ಬಿಳಿ ಇದ್ದರೆ ಲೇಪವೂ ತೇಪೆ ತೇಪೆ.

ಕ್ವೆಂಚಿಂಗ್ ಕೂಡ ಕಲೆ ಬಿಟ್ಟುಹೋಗುತ್ತದೆ. ಕೆಂಪಗೆ ಕಾದ ಪಾರ್ಟ್ ಎಣ್ಣೆಗೆ ಇಳಿದಾಗ ಒಂದಷ್ಟು ಎಣ್ಣೆ ಸುಟ್ಟು ಮೈಗೆ ಹತ್ತುತ್ತದೆ. ಅದನ್ನು ಸರಿಯಾಗಿ ತೊಳೆಯದೆ ಟೆಂಪರಿಂಗ್ ಫರ್ನೇಸಿಗೆ ಕಳಿಸಿದರೆ ಮುಗಿಯಿತು, ಉಳಿದ ಎಣ್ಣೆಯೂ ಗಟ್ಟಿ ಪೊರೆಯಾಗುತ್ತದೆ. ಆಮೇಲೆ ಯಾವ ಕ್ಷಾರದ ತೊಟ್ಟಿಯೂ ಅದನ್ನು ಸುಲಭವಾಗಿ ಬಿಡಿಸುವುದಿಲ್ಲ. ಎಣ್ಣೆ ಹಸಿಯಾಗಿದ್ದಾಗಲೇ, ಅಂದರೆ ಟೆಂಪರಿಂಗ್‌ಗೆ ಮುಂಚೆಯೇ, ತೊಳೆಯಬೇಕು. ತೊಳೆದದ್ದು ಸಾಕೋ ಅಂತ ತಿಳಿಯಲು ಶುದ್ಧ ನೀರು ಹಾಯಿಸಿ ಎತ್ತಿ ಹಿಡಿಯಿರಿ. ನೀರು ಒಂದೇ ಹಾಳೆಯಂತೆ ನಿಂತರೆ ಮೈ ಶುದ್ಧ. ಹನಿ ಹನಿಯಾಗಿ ಒಡೆದರೆ ಅಲ್ಲಿ ಜಿಡ್ಡಿದೆ.

ಸಾಲ್ಟ್ ಬಾತ್‌ನಲ್ಲಿ ಗಟ್ಟಿ ಮಾಡುವವರಿಗೆ ಇನ್ನೊಂದು ತಲೆನೋವು. ಕಾಯಿಸಿ ಕರಗಿಸಿದ ಆ ತೊಟ್ಟಿಯ ಉಪ್ಪು ತೂತುಗಳಲ್ಲಿ, ಥ್ರೆಡ್ಡಿನ ಸಂದಿಗಳಲ್ಲಿ ಕೂತುಬಿಡುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ಬಣ್ಣದ ಮೂಲಕವೇ ನೀರಿನ ಆವಿ ಒಳಗೆ ಎಳೆಯಲ್ಪಡುತ್ತದೆ. ಬಣ್ಣ ನೀರನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಒಳಗಿನ ಉಪ್ಪು ನೀರು ಹೀರಿ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದರೆ ಒಳಗೆ ಉಪ್ಪುನೀರು, ಅದರ ತಳದಲ್ಲಿ ತುಕ್ಕು.

ಈಗ ನಾನು ಮೊದಲು ಹೇಳಿದ ಎರಡು ತಗಡುಗಳ ಕಥೆಗೆ ಬರುತ್ತೇನೆ. ಅವುಗಳ ಮೇಲೆ ಸ್ಕೇಲೂ ಇಲ್ಲ, ಸುಟ್ಟ ಎಣ್ಣೆಯೂ ಇಲ್ಲ, ಕಣ್ಣಿಗೆ ಎರಡೂ ಬೆಳ್ಳಗೆ ಹೊಳೆಯುತ್ತವೆ. ಹಾಗಿದ್ದೂ ಒಂದು ಸೋತದ್ದು ಹೇಗೆ?

ಕೋಲ್ಡ್ ರೋಲ್ ಮಾಡಿದ (ಕಾಯಿಸದೆ ರೋಲರುಗಳ ನಡುವೆ ಒತ್ತಿ ತೆಳುವಾಗಿಸಿದ) ತಗಡನ್ನು ಮೆದು ಮಾಡಲು ಅನೀಲಿಂಗ್ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ಬಿಗಿಯಾಗಿ ಸುತ್ತಿದ ಕಾಯಿಲ್‌ಗಳನ್ನು ಒಂದರ ಮೇಲೊಂದು ಇಟ್ಟು, ಮುಚ್ಚಿ, ರಕ್ಷಕ ಗ್ಯಾಸಿನಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ರೋಲಿಂಗ್ ಮಾಡುವಾಗ ಹಾಕಿದ ಎಣ್ಣೆ ಸುತ್ತುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬಿಸಿಯಾದಂತೆ ಅದರ ಬಹುಪಾಲು ಆವಿಯಾಗಿ ಹೊರಟುಹೋಗುತ್ತದೆ. ಹೋಗಲಾರದೆ ಉಳಿದದ್ದು ಸುಟ್ಟು ಇಂಗಾಲವಾಗಿ ತಗಡಿನ ಮೈಗೆ ಅಂಟುತ್ತದೆ. ಒಂದು ಚದರ ಮೀಟರಿಗೆ ಕೆಲವೇ ಮಿಲಿಗ್ರಾಂ. ಕಣ್ಣಿಗೆ ಕಾಣುವುದಿಲ್ಲ, ಕ್ಷಾರದ ತೊಟ್ಟಿಯಲ್ಲೂ ಹೋಗುವುದಿಲ್ಲ. ಆದರೆ ಸಾಲ್ಟ್ ಸ್ಪ್ರೇಯಲ್ಲಿ ಬಣ್ಣ ಎಷ್ಟು ಅಗಲ ಏಳುತ್ತದೆ ಎನ್ನುವುದನ್ನು ನಿರ್ಧರಿಸಲು ಅಷ್ಟು ಸಾಕು. ಕಾರು ತಯಾರಕರು ತಗಡು ಕೊಳ್ಳುವಾಗ ಮೈಮೇಲಿನ ಇಂಗಾಲಕ್ಕೆ ಒಂದು ಮಿತಿ ಹಾಕಿದ್ದು ಇದಕ್ಕೇ.

ಅಷ್ಟು ಚಿಕ್ಕ ಕೊಳೆ ಅಷ್ಟು ದೊಡ್ಡ ಕೆಲಸ ಮಾಡುವುದು ಹೇಗೆ ಅಂತ ತಿಳಿಯಲು ಫಾಸ್ಫೇಟ್ ಹೇಗೆ ಕೂರುತ್ತದೆ ನೋಡಬೇಕು. ತೊಟ್ಟಿಯ ಆಸಿಡ್ ಮೊದಲು ಉಕ್ಕನ್ನು ಸ್ವಲ್ಪ ಕರಗಿಸುತ್ತದೆ. ಕರಗುವಾಗ ಮೈಗೆ ತಾಗಿಕೊಂಡ ತೆಳು ಪದರದಲ್ಲಿ ಆಸಿಡ್ ಖರ್ಚಾಗಿ ಪಿಎಚ್ ಏರುತ್ತದೆ. ಏರಿದ ಕಡೆ ಸತುವಿನ ಫಾಸ್ಫೇಟ್ ಕರಗಿರಲಾರದೆ ಹರಳಾಗಿ ಕೂರುತ್ತದೆ. ಅಂದರೆ ಉಕ್ಕು ಕರಗಿದರೆ ಮಾತ್ರ ಲೇಪ. ಇಂಗಾಲ ಮುಚ್ಚಿದ ಜಾಗದಲ್ಲಿ ಉಕ್ಕು ಕರಗುವುದಿಲ್ಲ, ಅಲ್ಲಿ ಹರಳಿಲ್ಲ, ಬರಿ ಸಂದಿ. ಹರಳುಗಳು ಸಣ್ಣಗೆ ಒತ್ತಾಗಿ ಕೂತರೆ ಬಣ್ಣಕ್ಕೆ ಒಳ್ಳೆಯ ಹಿಡಿತ. ವಿರಳವಾಗಿ ದಪ್ಪದಪ್ಪಗೆ ಬೆಳೆದರೆ ನಡುವೆ ಉಕ್ಕು ಬಯಲು. ಕ್ರೋಮಿಯಂ ಜಾಸ್ತಿ ಇರುವ ಉಕ್ಕು ಫಾಸ್ಫೇಟನ್ನು ಸರಿಯಾಗಿ ತೆಗೆದುಕೊಳ್ಳದಿರುವುದೂ ಇದೇ ಕಾರಣಕ್ಕೆ, ಅದು ಆಸಿಡ್ಡಿಗೆ ಜಗ್ಗುವುದಿಲ್ಲ.

ಮುಂದೆ ಗೀರು ಬಿದ್ದಾಗ ಗೀರಿನಲ್ಲಿ ಕಬ್ಬಿಣ ಕರಗುತ್ತದೆ. ಪಕ್ಕದಲ್ಲಿ, ಬಣ್ಣದ ಅಂಚಿನ ಕೆಳಗೆ, ಆಮ್ಲಜನಕ ಖರ್ಚಾಗಿ ಕ್ಷಾರ ಹುಟ್ಟುತ್ತದೆ. ಬಣ್ಣವನ್ನು ಎಬ್ಬಿಸುವುದು ಈ ಕ್ಷಾರ. ಫಾಸ್ಫೇಟ್ ಹರಳು ಒತ್ತಾಗಿದ್ದರೆ ಕ್ಷಾರಕ್ಕೆ ಹಬ್ಬಲು ಜಾಗ ಸಿಗುವುದಿಲ್ಲ. ಸಂದಿ ಇದ್ದರೆ ಅದೇ ಅದರ ದಾರಿ. ಎರಡು ತಗಡುಗಳ ವ್ಯತ್ಯಾಸ ಇಷ್ಟೇ. ಅನೀಲಿಂಗ್‌ನಲ್ಲಿ ಉಳಿದ ಅಷ್ಟಿಷ್ಟು ಇಂಗಾಲ.

ಸತುವಿನ ಕಡೆಗೂ ಇದೇ ಮಾತು ನಡೆಯುತ್ತದೆ. ಬಲವಾದ ಹೊಸ ಉಕ್ಕಿನ ತಗಡುಗಳಲ್ಲಿ ಮ್ಯಾಂಗನೀಸ್, ಸಿಲಿಕಾನ್ ಜಾಸ್ತಿ. ಕರಗಿದ ಸತುವಿಗೆ ಇಳಿಸುವ ಮುನ್ನ ತಗಡನ್ನು ಸಾರಜನಕ ಮತ್ತು ಹೈಡ್ರೋಜನ್ ಇರುವ ಫರ್ನೇಸಿನಲ್ಲಿ ಸುಮಾರು 800 ಡಿಗ್ರಿಗೆ ಕಾಯಿಸುತ್ತಾರೆ. ಆ ಗ್ಯಾಸಿನಲ್ಲಿ ಕಬ್ಬಿಣದ ಆಕ್ಸೈಡ್ ಕಳಚಿಹೋಗುತ್ತದೆ. ಆದರೆ ಅಲ್ಲಿರುವ ತೇವದ ಸಣ್ಣ ಅಂಶವೂ ಮ್ಯಾಂಗನೀಸ್, ಸಿಲಿಕಾನ್‌ಗಳನ್ನು ಹಿಡಿದು ಆಕ್ಸೈಡ್ ಮಾಡಲು ಸಾಕು. ಅವು ಮೈಮೇಲೆ ಬಂದು ಪೊರೆ ಕಟ್ಟುತ್ತವೆ, ಸತು ಆ ಪೊರೆಗೆ ಹತ್ತುವುದಿಲ್ಲ, ಬೋಳು ಚುಕ್ಕೆಗಳು ಉಳಿಯುತ್ತವೆ. ಇದಕ್ಕೆ ಕಂಡುಕೊಂಡ ಮದ್ದು ನನಗೆ ಬಹಳ ಇಷ್ಟ. ತೇವ ಕಡಿಮೆ ಮಾಡುವ ಬದಲು ಬೇಕೆಂದೇ ಸ್ವಲ್ಪ ಜಾಸ್ತಿ ಮಾಡುತ್ತಾರೆ. ಆಗ ಆಮ್ಲಜನಕ ಉಕ್ಕಿನೊಳಗೇ ಇಳಿದು ಮ್ಯಾಂಗನೀಸನ್ನು ಅದು ಮೇಲೆ ಬರುವ ಮೊದಲೇ ಒಳಗೇ ಹಿಡಿದು ನಿಲ್ಲಿಸುತ್ತದೆ. ಮೈ ಕಬ್ಬಿಣವಾಗಿಯೇ ಉಳಿಯುತ್ತದೆ, ಸತು ಚೆನ್ನಾಗಿ ಹತ್ತುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮೊದಲು ಶಾಖ, ಆಮೇಲೆ ಲೇಪ. ಎಷ್ಟೋ ಸಲ ಲೇಪ ಹಾಕುವ ಕೆಲಸವೇ ಇನ್ನೊಂದು ಹೀಟ್ ಟ್ರೀಟ್‌ಮೆಂಟ್ ಆಗಿಬಿಡುತ್ತದೆ. ಕರಗಿದ ಸತು ಇರುವ ಗ್ಯಾಲ್ವನೈಸಿಂಗ್ ತೊಟ್ಟಿ ಸುಮಾರು 450 ಡಿಗ್ರಿ. ನೀವು 200 ಡಿಗ್ರಿಗೆ ಟೆಂಪರ್ ಮಾಡಿ ಗಟ್ಟಿ ಉಳಿಸಿಕೊಂಡ ಪಾರ್ಟ್ ಅದರಲ್ಲಿ ಕೆಲವು ನಿಮಿಷ ಮುಳುಗಿದರೆ ಮತ್ತೆ ಟೆಂಪರ್ ಆಗಿ ಮೆದುವಾಗುತ್ತದೆ. ತುಕ್ಕಿನಿಂದ ಉಳಿಯಿತು, ಆದರೆ ಯಾವ ಗಟ್ಟಿತನಕ್ಕೆ ಕಾಸು ಖರ್ಚು ಮಾಡಿದಿರೋ ಅದು ಹೋಯಿತು. ಬಣ್ಣದ ಓವನ್ ಮಾತ್ರ ಕೆಲವೊಮ್ಮೆ ಉಪಕಾರ ಮಾಡುತ್ತದೆ. ಕಾರಿನ ಹೊರಮೈಗೆ ಬಳಸುವ ಕೆಲವು ತಗಡುಗಳು 170 ಡಿಗ್ರಿಯಲ್ಲಿ 20 ನಿಮಿಷ ಬೆಂದಾಗ ಇನ್ನಷ್ಟು ಬಲ ಪಡೆಯುವ ಹಾಗೆಯೇ ತಯಾರಾಗಿರುತ್ತವೆ.

ಈಗ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕಾದ ವಿಷಯ, ಹೈಡ್ರೋಜನ್. ಇದರಲ್ಲಿ ತಪ್ಪಿದರೆ ತುಕ್ಕು ಹಿಡಿಯುವುದಿಲ್ಲ, ಬೋಲ್ಟ್ ಮುರಿಯುತ್ತದೆ.

ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಅಂತ ಕೆತ್ತಿರುತ್ತದೆ. ಅದು ಬಲದ ಗುರುತು, ಅಂಕಿ ದೊಡ್ಡದಾದಷ್ಟೂ ಬಲ ಜಾಸ್ತಿ. 8.8 ಬೋಲ್ಟಿನ ಗಟ್ಟಿತನ ವಿಕರ್ಸ್ ಅಳತೆಯಲ್ಲಿ ಸುಮಾರು 250ರಿಂದ 320ರ ಸುತ್ತ. 10.9 ಆದರೆ 320ರಿಂದ 380. 12.9 ಆದರೆ 385ರಿಂದ 435. ಮೂರನ್ನೂ ಕ್ವೆಂಚ್ ಮಾಡಿ ಟೆಂಪರ್ ಮಾಡಿರುತ್ತಾರೆ. ಈಗ ಮೂರಕ್ಕೂ ಸತುವಿನ ಎಲೆಕ್ಟ್ರೋಪ್ಲೇಟಿಂಗ್ ಮಾಡಿಸೋಣ. ಪಿಕ್ಲಿಂಗ್‌ನಲ್ಲಿ ಹೈಡ್ರೋಜನ್ ಹುಟ್ಟುತ್ತದೆ, ಪ್ಲೇಟಿಂಗ್‌ನಲ್ಲೂ ಹುಟ್ಟುತ್ತದೆ. ಅದರ ಒಂದು ಪಾಲು ಗುಳ್ಳೆಯಾಗಿ ಹೋಗದೆ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಮೆದುವಾದ 8.8 ಅದನ್ನು ತಾಳಿಕೊಳ್ಳುತ್ತದೆ. 12.9 ತಾಳುವುದಿಲ್ಲ. ಬಿಗಿ ಮಾಡಿದಾಗ ಏನೂ ಆಗುವುದಿಲ್ಲ, ಸರಿಯಾಗಿಯೇ ಕೂರುತ್ತದೆ. ಹೈಡ್ರೋಜನ್ ನಿಧಾನವಾಗಿ ಥ್ರೆಡ್ಡಿನ ಬುಡಕ್ಕೆ, ಎಲ್ಲಿ ಎಳೆತ ಜಾಸ್ತಿಯೋ ಅಲ್ಲಿಗೆ ಸರಿದು ಸೇರುತ್ತದೆ. ಕೆಲವು ಗಂಟೆ ಬಿಟ್ಟು, ಕೆಲವೊಮ್ಮೆ ದಿನಗಳು ಬಿಟ್ಟು, ಯಾರೂ ಮುಟ್ಟದೆ ತಲೆ ಹಾರಿಹೋಗುತ್ತದೆ. ಮುರಿದ ಮುಖದಲ್ಲಿ ತುಕ್ಕಿಲ್ಲ, ಎಳೆದು ಸಣ್ಣಗಾದ ಗುರುತಿಲ್ಲ. ಕಾಳು ಕಾಳಾಗಿ, ಸಕ್ಕರೆ ಗಡ್ಡೆ ಒಡೆದ ಹಾಗೆ ಕಾಣುತ್ತದೆ.

390 ವಿಕರ್ಸ್ ಮೇಲಿನ ಗಟ್ಟಿತನದಲ್ಲಿ ಈ ಅಪಾಯ ನಿಜಕ್ಕೂ ಶುರು ಎಂದು ಲೆಕ್ಕ ಹಾಕುತ್ತಾರೆ. ಪರಿಹಾರ, ಪ್ಲೇಟಿಂಗ್ ಆದ ಮೇಲೆ ತಡಮಾಡದೆ, ಸಾಮಾನ್ಯವಾಗಿ 4 ಗಂಟೆಯೊಳಗೆ, 190ರಿಂದ 220 ಡಿಗ್ರಿಯ ಓವನ್‌ನಲ್ಲಿ ಗಂಟೆಗಟ್ಟಲೆ ಬೇಕ್ ಮಾಡುವುದು. ಹೈಡ್ರೋಜನ್ ಒಂದಷ್ಟು ಹೊರಗೆ ಹೋಗುತ್ತದೆ, ಒಂದಷ್ಟು ಒಳಗೇ ಅಪಾಯವಿಲ್ಲದ ಮೂಲೆಗಳಲ್ಲಿ ಸಿಕ್ಕಿಬೀಳುತ್ತದೆ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಕಾರ್ಬುರೈಸ್ ಮಾಡಿದ (ಮೈಗೆ ಇಂಗಾಲ ಕುಡಿಸಿ ಹೊರಪದರ ಗಟ್ಟಿ ಮಾಡಿದ) ಪಾರ್ಟುಗಳನ್ನು ಎಷ್ಟೋ ಸಲ 150, 180 ಡಿಗ್ರಿಗೆ ಮಾತ್ರ ಟೆಂಪರ್ ಮಾಡಿರುತ್ತಾರೆ. ಅವನ್ನು 220ರಲ್ಲಿ ಬೇಕ್ ಮಾಡಿದರೆ ಮೈ ಮೆದುವಾಗುತ್ತದೆ. ಬೇಕಿಂಗ್ ಯಾವಾಗಲೂ ಟೆಂಪರಿಂಗ್‌ಗಿಂತ ಕೆಳಗೇ ಇರಬೇಕು. ಇನ್ನೊಂದು, ಸತುವಿನ ಮೇಲೆ ಕೊಡುವ ಹಳದಿ ಕ್ರೋಮೇಟ್. ಅದು ನೀರು ಹಿಡಿದಿಟ್ಟುಕೊಂಡ ಒಂದು ತೆಳು ಪೊರೆ. 60, 70 ಡಿಗ್ರಿ ದಾಟಿದರೆ ನೀರು ಬಿಟ್ಟು ಬಿರುಕು ಬಿಡುತ್ತದೆ, ತುಕ್ಕು ತಡೆಯುವ ಶಕ್ತಿ ಹೋಗುತ್ತದೆ. ಹಾಗಾಗಿ ಮೊದಲು ಸತು, ಆಮೇಲೆ ಬೇಕಿಂಗ್, ಕೊನೆಗೆ ಕ್ರೋಮೇಟ್. ಕ್ರೋಮೇಟ್ ಆದ ಮೇಲೆ ಬೇಕ್ ಮಾಡಿದರೆ ಹೊರಗೆ ಹಳದಿ ಬಣ್ಣ ಇರುತ್ತದೆ, ಸಾಲ್ಟ್ ಸ್ಪ್ರೇಯಲ್ಲಿ ಸತುವಿನ ಬಿಳಿ ತುಕ್ಕು ಬೇಗನೆ ಏಳುತ್ತದೆ. ಈಗಿನ ಟ್ರೈವೇಲೆಂಟ್ ಕ್ರೋಮಿಯಂ ಪೊರೆಗಳು ಶಾಖವನ್ನು ಇದಕ್ಕಿಂತ ಚೆನ್ನಾಗಿ ತಾಳುತ್ತವೆ.

12.9 ಬೋಲ್ಟಿಗೆ ಎಲೆಕ್ಟ್ರೋಪ್ಲೇಟಿಂಗ್ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಝಿಂಕ್ ಫ್ಲೇಕ್ ಲೇಪ ಇದೆ. ಆಸಿಡ್ ಬದಲು ಬ್ಲಾಸ್ಟಿಂಗ್‌ನಿಂದ ಶುದ್ಧ ಮಾಡಿ, ಸತುವಿನ ಚಕ್ಕೆಗಳಿರುವ ದ್ರವದಲ್ಲಿ ಅದ್ದಿ, ಓವನ್‌ನಲ್ಲಿ ಬೇಯಿಸುತ್ತಾರೆ. ಇಡೀ ಕೆಲಸದಲ್ಲಿ ಹೈಡ್ರೋಜನ್ ಹುಟ್ಟುವುದೇ ಇಲ್ಲ. ಓವನ್ 300 ಡಿಗ್ರಿಯ ಆಸುಪಾಸು ಹೋಗಬಹುದು, ಬೋಲ್ಟಿನ ಟೆಂಪರಿಂಗ್ ಅದಕ್ಕಿಂತ ಮೇಲಿರುವುದರಿಂದ ಗಟ್ಟಿತನಕ್ಕೂ ಧಕ್ಕೆಯಿಲ್ಲ.

ಕೊನೆಯದಾಗಿ, ಲೇಪದ ಸಮೇತ ಉಕ್ಕನ್ನು ಕುಲುಮೆಗೆ ಹಾಕುವ ಕೆಲಸ. ಕಾರಿನ ಬಾಗಿಲ ಕಂಬದಂಥ ಭಾಗಗಳಿಗೆ ಬೋರಾನ್ ಸೇರಿಸಿದ ಉಕ್ಕಿನ ತಗಡನ್ನು 900 ಡಿಗ್ರಿ ದಾಟಿಸಿ, ಕೆಂಪಗಿರುವಾಗಲೇ ತಣ್ಣನೆಯ ಡೈನಲ್ಲಿ, ಅಂದರೆ ಅಚ್ಚಿನಲ್ಲಿ, ಒತ್ತುತ್ತಾರೆ. ಆಕಾರವೂ ಬಂತು, ಕ್ವೆಂಚಿಂಗೂ ಆಯಿತು. ಬಲ ಸುಮಾರು 1500 ಮೆಗಾಪಾಸ್ಕಲ್. ಬರಿ ತಗಡಾದರೆ ಸ್ಕೇಲ್ ಕಟ್ಟುತ್ತದೆ, ಅದಕ್ಕೆ ಮೊದಲೇ ಅಲ್ಯುಮಿನಿಯಂ ಸಿಲಿಕಾನ್ ಲೇಪ ಕೊಟ್ಟಿರುತ್ತಾರೆ. ಅದು 600ರ ಹತ್ತಿರ ಕರಗುತ್ತದೆ. ಅಡಿಯಿಂದ ಕಬ್ಬಿಣ ಮೇಲೇರಿ ಅದರೊಳಗೆ ಸೇರುತ್ತದೆ. ಕುಲುಮೆಯಿಂದ ಹೊರಬರುವಾಗ ಅದು ಕಬ್ಬಿಣ ಮತ್ತು ಅಲ್ಯುಮಿನಿಯಂ ಸೇರಿದ ಗಡುಸಾದ, ಬಿರುಕಿರುವ ಪದರ. ಅದರ ಮೇಲೆ ಫಾಸ್ಫೇಟ್ ಸರಿಯಾಗಿ ಕೂರುವುದಿಲ್ಲ, ಆದರೆ ಮೈ ಒರಟಾಗಿರುವುದರಿಂದ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಗೀರು ಬಿದ್ದಾಗ ಸತುವಿನ ಹಾಗೆ ತಾನು ಸವೆದು ಉಕ್ಕನ್ನು ಕಾಯುವ ಗುಣ ಮಾತ್ರ ಅದಕ್ಕೆ ಬಹಳ ಕಡಿಮೆ.

ಹಾಗಾದರೆ ಸತುವನ್ನೇ ಹಾಕಬಾರದೇ? ಹಾಕುತ್ತಾರೆ. ಸತು ಕುದಿಯುವುದು 907 ಡಿಗ್ರಿಗೆ, ಕುಲುಮೆ ಇರುವುದೂ ಅಲ್ಲೇ. ಮೇಲೆ ಹುಟ್ಟುವ ಸತುವಿನ ಆಕ್ಸೈಡ್ ಪೊರೆ ಮುಚ್ಚಳದ ಹಾಗೆ ಕೂತು ಆವಿಯಾಗದಂತೆ ಕಾಯುತ್ತದೆ. ತೊಂದರೆ ಬೇರೆ ಕಡೆ. ದ್ರವವಾಗಿ ಉಳಿದ ಸತು, ಒತ್ತುವಾಗ ಉಕ್ಕಿನ ಹರಳುಗಳ ಸಂದಿಗೆ ನುಗ್ಗಿ ಸೀಳುತ್ತದೆ. ಕುಲುಮೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸತು ಕಬ್ಬಿಣದೊಳಗೆ ಬೆರೆತು ಗಟ್ಟಿಯಾಗುತ್ತದೆ, ಸೀಳುವ ಅಪಾಯ ಇಳಿಯುತ್ತದೆ. ಆದರೆ ಪದರದಲ್ಲಿ ಕಬ್ಬಿಣದ ಪಾಲು ಏರಿದಷ್ಟೂ ಉಕ್ಕನ್ನು ಕಾಯುವ ಶಕ್ತಿಯೂ ಇಳಿಯುತ್ತದೆ. ಕುಲುಮೆಯ ಒಂದೆರಡು ನಿಮಿಷದ ಮೇಲೆ ಎರಡೂ ನಿಂತಿರುತ್ತವೆ.

ಮಾತು ಮುಗಿದ ಮೇಲೆ ಸಭೆಯಿಂದ ಒಂದು ಒಳ್ಳೆಯ ಪ್ರಶ್ನೆ ಬಂತು. ವೆಲ್ಡಿಂಗ್ ಪಕ್ಕದಲ್ಲೇ ಮೊದಲು ತುಕ್ಕು ಹಿಡಿಯುವುದು ಯಾಕೆ, ಅಲ್ಲಿ ಉಕ್ಕಿನ ರಚನೆ ಬದಲಾದದ್ದಕ್ಕೇ? ರಚನೆ ಬದಲಾಗುತ್ತದೆ, ನಿಜ. ಆದರೆ ಬಣ್ಣದ ಕೆಳಗೆ ದೊಡ್ಡ ಪಾಲು ಅದರದ್ದಲ್ಲ. ವೆಲ್ಡಿನ ಮೇಲೆ ಗಾಜಿನಂಥ ಸಿಲಿಕೇಟ್ ಚೂರುಗಳು ಉಳಿಯುತ್ತವೆ. ಅವು ವಿದ್ಯುತ್ ಹರಿಸುವುದಿಲ್ಲ, ಹಾಗಾಗಿ ವಿದ್ಯುತ್ತಿನಿಂದ ಕೂರಿಸುವ ಪ್ರೈಮರ್ ಅಲ್ಲಿ ಕೂರುವುದಿಲ್ಲ. ಸುತ್ತ ಸತು ಸುಟ್ಟುಹೋಗಿರುತ್ತದೆ, ಆಕ್ಸೈಡ್ ಕಟ್ಟಿರುತ್ತದೆ, ಸಿಡಿದ ಕಾಳುಗಳು ಬಣ್ಣದಿಂದ ಮೇಲೆ ಚಾಚಿರುತ್ತವೆ. ಗ್ರೈಂಡ್ ಮಾಡಿ ಅಥವಾ ಬ್ಲಾಸ್ಟ್ ಮಾಡಿ ಅವೆಲ್ಲವನ್ನೂ ತೆಗೆದು, ಅಂಚುಗಳಿಗೆ ಬ್ರಷ್ಷಿನಿಂದ ಒಂದು ಕೈ ಪ್ರೈಮರ್ ಮೊದಲೇ ಕೊಟ್ಟು, ಆಮೇಲೆ ಇಡೀ ಬಣ್ಣ ಹೊಡೆಯಿರಿ ಎಂದು ಉತ್ತರ ಕೊಟ್ಟೆ.